ಕಾಯಿ ಸೀಮೆಯಲ್ಲಿ ಒಂದು ಸೈಕಲ್ ಸವಾರಿ

ನನ್ನ ಮಗ ಎರಡು ವರ್ಷದಿಂದ ಹಾಲೆಂಡ್ ದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಗೆ ಹೋದ ಮೇಲೆ ಅವನಿಗೆ ಹಿಡಿದ ಹುಚ್ಚು ಸೈಕಲ್ಲಿನದು. ಬೆಂಗಳೂರಿನಲ್ಲಿದ್ದಾಗ ಬೀದಿಯ ಕೊನೆಯ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರುವುದಕ್ಕೂ ಸ್ಕೂಟರನ್ನೇ ಏರುತ್ತಿದ್ದ ಮಹಾರಾಯ, ಈಗ ರಜದ ದಿನ ಬಂತೆಂದರೆ ಹೊಲಗದ್ದೆಗಳ ನಡುವೆ ಎಪ್ಪತ್ತು ಎಂಬತ್ತು ಕಿಲೋಮೀಟರು ಸುತ್ತಿ ಬಂದು, ರಾತ್ರಿ ಫೋನಿನಲ್ಲಿ ನಮಗೆ ಅದರ ಪಾರಾಯಣ ಮಾಡುತ್ತಾನೆ. ಸೈಕಲ್ಲಿಗೆಂದೇ ಬೇರೆ ದಾರಿಯಂತೆ; ಕವಲು ಒಡೆದಲ್ಲೆಲ್ಲ ನಂಬರು ಬರೆದ ಹಲಗೆಯಂತೆ; ನೆಲವೋ ಚಪಾತಿ ಲಟ್ಟಿಸಿದಂತೆ ಸಮವಂತೆ; ಎರಡು ಕಡೆಯೂ ಕಾಲುವೆ, ಹುಲ್ಲುಗಾವಲು, ಕೊಬ್ಬಿದ ಹಸುಗಳು. ಕೇಳಿ ಕೇಳಿ ಒಂದು ದಿನ ನನಗೆ ರೋಷವೇ ಬಂತು.

"ಅಯ್ಯಾ, ನಿಮ್ಮ ತಾತ ಇಪ್ಪತ್ತೆರಡು ವರ್ಷ ಪ್ರತಿ ಶನಿವಾರ ಸಂಜೆ ತಿಪಟೂರಿನಿಂದ ಊರಿಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಅವರಿಗೆ ಯಾರೂ ನಂಬರಿನ ಹಲಗೆ ನೆಟ್ಟಿರಲಿಲ್ಲ," ಎಂದೆ.

"ಹಾಗಾದರೆ ನೀವೂ ಒಂದು ಸಲ ಹೋಗಿ ಬನ್ನಿ ಅಪ್ಪಾ," ಎಂದ ಅವನು.

ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಸೈಕಲ್ ಏರಿದ್ದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಹೆಗಲ ಚೀಲದಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಮಡಿಸಿದ ಕಾಗದಗಳ ರೂಪದಲ್ಲಿತ್ತು. ಅದರ ವಿಷಯ ಊರು ಬಂದಾಗ ಹೇಳುತ್ತೇನೆ.

ನಮ್ಮ ತಂದೆ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ವಾರವೆಲ್ಲ ತಂಗಿಯ ಮನೆಯಲ್ಲಿ, ಎಂದರೆ ನಮ್ಮ ಸೋದರತ್ತೆಯ ಮನೆಯಲ್ಲಿ ಊಟ. ಶನಿವಾರ ಮಂಡಿ ಮುಚ್ಚಿದ ಮೇಲೆ ತುರುವೇಕೆರೆಗೆ ಎರಡು ಮೈಲಿ ಈಚೆ ಇರುವ ನಮ್ಮ ಹಳ್ಳಿಗೆ ಪಯಣ. ಅವರ ಹರ್ಕ್ಯುಲಿಸ್ ಸೈಕಲ್ಲು ಇಂದಿಗೂ ಅತ್ತೆಯ ಮನೆಯ ಹಿತ್ತಿಲ ಪಡಸಾಲೆಯಲ್ಲಿದೆ. ಸಂಕ್ರಾಂತಿ ಕಳೆದ ವಾರ ನಾನು ರೈಲಿಳಿದು ಅಲ್ಲಿಗೆ ಹೋಗಿ, ಅದಕ್ಕೆ ಹೊಸ ಟೈರು, ಟ್ಯೂಬು, ಚೈನು ಹಾಕಿಸಿದೆ. ಸೈಕಲ್ ಷಾಪಿನವನು ಅದನ್ನು ಸುತ್ತಲೂ ನೋಡಿ, "ಇದರ ಕಬ್ಬಿಣ ಈಗ ಬರಲ್ಲ ಸಾರ್. ತೂಕಕ್ಕೆ ಹಾಕಿದ್ರೂ ಕಾಸಾಗುತ್ತೆ," ಎಂದು ಮೆಚ್ಚಿಗೆ ಸೂಚಿಸಿದ.

ಬೆಳಿಗ್ಗೆ ಆರು ಗಂಟೆಗೆ ಹೊರಟೆ. ಎಂಬತ್ತನ್ನು ದಾಟಿದ ಅತ್ತೆ ಬಾಗಿಲಲ್ಲಿ ನಿಂತು, "ಬಸ್ಸಿಗೇನು ಬರಗಾಲವೇನೋ?" ಎಂದರು. ಉತ್ತರ ಕೊಡುವ ಮೊದಲೇ ಸೈಕಲ್ಲು ಇಳಿಜಾರಿನಲ್ಲಿ ತಾನಾಗಿ ಹೊರಟಿತ್ತು.

ತಿಪಟೂರು ಕೊಬ್ಬರಿಯಿಂದ ಬದುಕಿದ ಊರು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಹಾದಿ ಬಂದ ಮೇಲೆ ಸುತ್ತಲಿನ ತೋಟಗಳ ಸರಕಿಗೆ ದೂರದ ಪೇಟೆಗಳ ಬಾಗಿಲು ತೆರೆಯಿತು. ಇಂದು ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಹರಾಜಿನ ದಿನ ಕಾಣುವ ಮೂಟೆಗಳ ಸಾಲನ್ನು ನೋಡಿದರೆ, ದೆಹಲಿ, ರಾಜಸ್ಥಾನ, ಗುಜರಾತುಗಳ ಮಿಠಾಯಿಗೂ ಪೂಜೆಯ ತಟ್ಟೆಗೂ ಇಲ್ಲಿಂದಲೇ ಸಾಮಗ್ರಿ ಹೋಗುವುದೆಂಬ ಮಾತು ನಂಬಿಕೆಗೆ ಬರುತ್ತದೆ. ಹೊತ್ತಾರೆಯಾದ್ದರಿಂದ ನಾನು ಹಾದುಹೋದಾಗ ಅಲ್ಲಿ ಇದ್ದವರು ಹಮಾಲರು ಇಬ್ಬರು, ನಾಯಿ ಒಂದು. ಆದರೆ ಗಾಳಿಯಲ್ಲಿ ಆ ವಾಸನೆ ಇತ್ತು: ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆ, ಸ್ವಲ್ಪ ಗೋಣಿ. ನಮ್ಮ ತಂದೆಯ ಅಂಗಿಯ ವಾಸನೆ ಅದು. ನನಗೆ ಅದು ಐವತ್ತು ವರ್ಷದಿಂದ ಗೊತ್ತು.

ಊರು ದಾಟಿ ನೊಣವಿನಕೆರೆಯ ರಸ್ತೆಗೆ ತಿರುಗಿದೊಡನೆ ತೋಟಗಳು ಎರಡು ಕಡೆಯಿಂದಲೂ ಮುತ್ತಿಕೊಂಡವು. ತೆಂಗು ಸಮುದ್ರತೀರದ ಮರವೆಂದು ಶಾಲೆಯಲ್ಲಿ ಓದಿರುತ್ತೇವೆ. ಇಲ್ಲಿಗೆ ಸಮುದ್ರವೂ ದೂರ, ನೆಲವೂ ಎಂಟುನೂರು ಮೀಟರಿಗಿಂತ ಎತ್ತರ. ಮಳೆಯೋ ಕರಾವಳಿಯವರು ಕೇಳಿದರೆ ನಗುವಷ್ಟು. ಆದರೂ ಮರ ಇಲ್ಲಿ ಒಗ್ಗಿಕೊಂಡಿದೆ. ಅಷ್ಟೇ ಅಲ್ಲ, ಮಳೆ ಕಡಿಮೆಯಾಗಿರುವುದೇ ಈ ಸೀಮೆಯ ಭಾಗ್ಯ. ಕೇರಳದ ತೇವದ ಗಾಳಿಯಲ್ಲಿ ಕಾಯನ್ನು ಒಡೆದು, ಹೋಳು ಮಾಡಿ, ಒಣಗಿಸಿ, ಎಣ್ಣೆಗೆ ಕಳುಹಿಸುತ್ತಾರೆ. ಇಲ್ಲಿಯ ಒಣಹವೆಯಲ್ಲಿ ಇಡೀ ಕಾಯಿ ತನ್ನ ಚಿಪ್ಪಿನೊಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರದವರು ತಿಪಟೂರಿನ ಎತ್ತರದ ತಳಿಯಿಂದಲೇ ಆಯ್ದು, ಉಂಡೆ ಕೊಬ್ಬರಿಗೆ ತಕ್ಕುದೆಂದು ಒಂದು ತಳಿಯನ್ನು ಹೊರತಂದು, ಅದಕ್ಕೆ 'ಕಲ್ಪತರು' ಎಂದೇ ಹೆಸರಿಟ್ಟಿದ್ದಾರೆ.

ರಸ್ತೆ ಹಾಲೆಂಡಿನಂತೆ ಸಮವಲ್ಲ. ಬಸ್ಸಿನಲ್ಲಿ ಕೂತವರಿಗೆ ಈ ಸೀಮೆ ಬಯಲಿನಂತೆ ಕಾಣುತ್ತದೆ. ಸೈಕಲ್ ತುಳಿದವರಿಗೆ ಮಾತ್ರ ಇದು ಅಲೆ ಅಲೆಯಾಗಿ ಎದ್ದು ಇಳಿಯುವ ನೆಲವೆಂಬುದು ತೊಡೆಯಿಂದ ತಿಳಿಯುತ್ತದೆ. ದಿಣ್ಣೆಯ ಮೇಲೆ ಕುಯ್ದ ರಾಗಿಯ ಹೊಲ, ಮೆದೆ. ಇಳಿದಂತೆ ತೆಂಗು, ಅದರ ಸಾಲಿನ ನಡುವೆ ಹುರುಳಿ, ಅವರೆ. ತಗ್ಗಿನಲ್ಲಿ ಕೆರೆ ಅಥವಾ ಕೆರೆಯ ಅವಶೇಷ. ಮತ್ತೆ ಏರು. ನಾಲ್ಕನೆಯ ಏರಿನಲ್ಲಿ ನಾನು ಇಳಿದು ತಳ್ಳಿದೆ. ಎದುರಿಗೆ ಹಾಲಿನ ಕ್ಯಾನು ಹೇರಿಕೊಂಡು ಬಂದ ಮೋಟರ್ ಸೈಕಲ್ಲಿನವನು ನಿಲ್ಲಿಸಿ, "ಪಂಚರಾ ಸ್ವಾಮಿ?" ಎಂದು ಅನುಕಂಪದಿಂದ ಕೇಳಿದ. "ಹೌದು," ಎಂದೆ. ಪಂಚರಾದದ್ದು ನಾನು, ಸುಳ್ಳಾಗಲಿಲ್ಲ.

ನೊಣವಿನಕೆರೆಯ ಏರಿಯ ಮೇಲೆ ಬಿಸಿಲು ಬಂದಿತ್ತು. ದೊಡ್ಡ ಕೆರೆ. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳೂ, ಮುಳುಗಿದ ಮರದ ಮೇಲೆ ರೆಕ್ಕೆ ಹರವಿ ಒಣಗಿಸುತ್ತಿದ್ದ ನೀರುಕಾಗೆಗಳೂ ಇದ್ದವು. ತಂದೆ ಇಲ್ಲಿ ಇಳಿದು ಬೀಡಿ ಸೇದುತ್ತಿದ್ದರೆಂದು ಅವರು ಕಾಲವಾದ ಮೇಲೆ ಅತ್ತೆಯಿಂದ ತಿಳಿದದ್ದು. ಮನೆಯಲ್ಲಿ ಅವರು ಬೀಡಿ ಮುಟ್ಟಿದವರಲ್ಲ. ಏರಿಯ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಅವರ ಆ ಗುಟ್ಟಿನ ವಿರಾಮಕ್ಕೆ ಗೌರವವಾಗಿ ಒಂದು ಕಿತ್ತಳೆ ಸುಲಿದು ತಿಂದೆ.

ಅಲ್ಲಿಂದ ಮುಂದೆ ಒಂದು ನಾರಿನ ಕಾರ್ಖಾನೆ. ಅಂಗಳದಲ್ಲಿ ಕಾಯಿಯ ಸಿಪ್ಪೆ ಬೆಟ್ಟವಾಗಿ ಬಿದ್ದಿದೆ. ಅದರ ಪಕ್ಕದಲ್ಲಿ ಕಂದು ಬಣ್ಣದ ಪುಡಿಯ ಇನ್ನೊಂದು ಬೆಟ್ಟ. ಹಿಂದೆ ಆ ಪುಡಿಯನ್ನು ಕೇಳುವವರೇ ಇರಲಿಲ್ಲ. ಈಗ ಅದನ್ನು ತೊಳೆದು, ಒಣಗಿಸಿ, ಇಟ್ಟಿಗೆಯಂತೆ ಒತ್ತಿ ಹೊರದೇಶಕ್ಕೆ ಕಳುಹಿಸುತ್ತಾರೆ. ಭಾರತದಿಂದ ಹೋಗುವ ಇಂಥ ಪುಡಿಯಲ್ಲಿ ಹಾಲೆಂಡಿನವರು ಗಾಜಿನ ಮನೆಯೊಳಗೆ ಟೊಮ್ಯಾಟೊ, ಹೂವು ಬೆಳೆಯುತ್ತಾರೆ. ಮಗ ರಜದ ದಿನ ಸೈಕಲ್ಲಿನಲ್ಲಿ ಹಾದುಹೋಗುವ ಆ ಗಾಜಿನ ಮನೆಗಳಲ್ಲಿ ನಮ್ಮ ಕಡೆಯ ಕಾಯಿಸಿಪ್ಪೆ ಇದ್ದರೂ ಇರಬಹುದೆಂದು ಅವನಿಗೆ ಒಂದು ಚಿತ್ರ ತೆಗೆದು ಕಳುಹಿಸಿದೆ.

ಹತ್ತೂವರೆಗೆ ಊರು ಸೇರಿದೆ.

ಈಗ ಕಾಗದಗಳ ವಿಷಯ. ತಂದೆಯ ಪಾಲಿನಿಂದ ನನಗೆ ಬಂದದ್ದು ಒಂದೂಕಾಲು ಎಕರೆ ತೋಟ. ಚಿಕ್ಕಪ್ಪನ ಮಗ ಅದನ್ನೂ ತನ್ನದರೊಂದಿಗೆ ನೋಡಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಾನೆ. ನಾವು ಬೆಂಗಳೂರಿನಲ್ಲಿ ಕೊಂಡ ಮನೆಯ ಸಾಲ ಇನ್ನೂ ಆರು ವರ್ಷದ್ದಿದೆ. ನನ್ನ ನಿವೃತ್ತಿಗೆ ಉಳಿದಿರುವುದು ಎರಡು ವರ್ಷ. ಬೆಂಗಳೂರಿನ ಒಬ್ಬರು ತೋಟದ ಮನೆ ಕಟ್ಟಿಸಬೇಕೆಂದು ಈ ಕಡೆ ಜಮೀನು ಹುಡುಕುತ್ತಿದ್ದರು. ಅವರು ಹೇಳಿದ ಬೆಲೆಗೆ ಸಾಲವೆಲ್ಲ ತೀರಿ ಮೇಲೆ ಸ್ವಲ್ಪ ಉಳಿಯುತ್ತಿತ್ತು. ಕರಾರಿನ ಕರಡು ಸಿದ್ಧವಾಗಿತ್ತು. ಅದನ್ನು ತಮ್ಮನಿಗೆ ತೋರಿಸಿ ಒಂದು ಮಾತು ಹೇಳಿ ಬರಬೇಕಾಗಿತ್ತು. ಫೋನಿನಲ್ಲಿ ಹೇಳುವ ಧೈರ್ಯ ಮೂರು ತಿಂಗಳಿಂದ ಬಂದಿರಲಿಲ್ಲ. ಸೈಕಲ್ಲಿನ ನೆಪದಲ್ಲಾದರೂ ಹೋದರೆ ಬಂದೀತು ಎಂದುಕೊಂಡಿದ್ದೆ.

ತಮ್ಮ ಸೈಕಲ್ಲನ್ನು ಗುರುತಿಸಿದ, ಆಮೇಲೆ ನನ್ನನ್ನು. "ದೊಡ್ಡಪ್ಪನ ಗಾಡಿ!" ಎಂದು ಬೆಲ್ಲನ್ನು ಎರಡು ಸಲ ಬಾರಿಸಿದ. ಅವನ ಹೆಂಡತಿ ಒಂದು ಚೊಂಬು ಮಜ್ಜಿಗೆ ತಂದಿಟ್ಟು, "ಇಷ್ಟು ದೂರ ಇದ್ರಲ್ಲಿ ಬಂದ್ರಾ ಭಾವನೋರೆ? ಮನೇಲಿ ಅಕ್ಕನೋರು ಬಿಟ್ಟಿದ್ದಾದ್ರೂ ಹೆಂಗೆ?" ಎಂದಳು.

ಅಂಗಳದಲ್ಲಿ ಕೊಬ್ಬರಿ ಒಡೆಯುವ ಕೆಲಸ ನಡೆದಿತ್ತು. ಇದನ್ನು ನೋಡದವರಿಗೆ ಸ್ವಲ್ಪ ವಿವರಿಸಬೇಕು. ಹೊಂಬಾಳೆ ಒಡೆದ ಮೇಲೆ ಕಾಯಿ ಮರದ ಮೇಲೆ ಬಲಿಯುವುದಕ್ಕೆ ಸುಮಾರು ಒಂದು ವರ್ಷ ಬೇಕು. ಇಳಿಸಿದ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅಟ್ಟದ ಹಲಗೆಗಳ ನಡುವೆ ಗಾಳಿಯಾಡಲು ಸಂದು ಬಿಟ್ಟಿರುತ್ತದೆ. ಅಲ್ಲಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅದು ಸುಮ್ಮನೆ ಮಲಗಿರಬೇಕು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಒಣಗಿ, ಕುಗ್ಗಿ, ಕೊನೆಗೊಂದು ದಿನ ಚಿಪ್ಪನ್ನು ಬಿಟ್ಟುಕೊಳ್ಳುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟನೆ ಸದ್ದಾಗುತ್ತದೆ. ಅವಸರಪಟ್ಟು ಮೊದಲೇ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ; ಚೂರಿಗೆ ಉಂಡೆಯ ಬೆಲೆಯಿಲ್ಲ. ಅಂತೂ ಪೇಟೆಯ ಅಂಗಡಿಯಲ್ಲಿ ನಾವು ಕೊಳ್ಳುವ ಒಂದು ಗಿಟುಕು ಕೊಬ್ಬರಿ ಎರಡು ವರ್ಷದ ಕೂಸು.

ಗಂಡಸರಿಬ್ಬರು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಚುಚ್ಚಿ, ತಿರುವಿ, ಮೂರೇ ಸೆಳೆತಕ್ಕೆ ಸಿಪ್ಪೆ ತೆಗೆದು ಎಸೆಯುತ್ತಿದ್ದರು. ನಾಲ್ವರು ಹೆಂಗಸರು ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ಸುತ್ತಲೂ ತಟ್ಟಿ, ಒಳಗಿನ ಉಂಡೆಗೆ ಗಾಯವಾಗದಂತೆ ಬಿಡಿಸುತ್ತಿದ್ದರು. ಅವರ ಮಾತು, ನಗು ನಡೆದೇ ಇತ್ತು. ಕೈ ಮಾತ್ರ ತಪ್ಪುತ್ತಿರಲಿಲ್ಲ. ಒಬ್ಬಾಕೆ ನನಗೂ ಒಂದನ್ನು ಕೊಟ್ಟಳು. ನಾನು ತಟ್ಟಿದ್ದು ಎರಡು ಹೋಳಾಯಿತು. "ಪಾಯಸಕ್ಕಾಯ್ತು ಬಿಡಿ," ಎಂದರು.

ಬೆಲೆಯ ಮಾತು ಬಂದೇ ಬಂತು. ಕೊಬ್ಬರಿ ಸೀಮೆಯಲ್ಲಿ ಬೆಲೆಯ ಮಾತಿಲ್ಲದೆ ಎಲೆ ಅಡಿಕೆಯೂ ಇಳಿಯದು. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಪೇಟೆಯ ಬೆಲೆ ಮಾತ್ರ ಒಂಬತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಮರುವರ್ಷ ಬೆಂಬಲ ಬೆಲೆ 12,000ಕ್ಕೆ ಏರಿದಾಗ, ಹೆಸರು ನೋಂದಾಯಿಸುವುದಕ್ಕೆ ರೈತರು ಸಾಲುಗಟ್ಟಿ ಕಾದರು. 2025ರಲ್ಲಿ ನೋಡಿದರೆ ಪೇಟೆಯ ಬೆಲೆಯೇ ಇಪ್ಪತ್ತು ಸಾವಿರವನ್ನು ದಾಟಿ ಮೇಲಕ್ಕೆ ಹೋಯಿತು.

"ಹಾಗಾದರೆ ಒಳ್ಳೆಯ ಕಾಲ ಬಂತು," ಎಂದೆ.

ತಮ್ಮ ನಕ್ಕ. "ಒಂಬತ್ತು ಸಾವಿರ ಇದ್ದಾಗ ಮಗಳ ಮದುವೆ ಬಂತು ಅಣ್ಣಯ್ಯ. ಅಟ್ಟದಲ್ಲಿದ್ದದ್ದನ್ನೆಲ್ಲ ಇಳಿಸಿ ಕೊಟ್ಟೆ. ಇಪ್ಪತ್ತು ಸಾವಿರ ಆದಾಗ ಅಟ್ಟದಲ್ಲಿ ಏನಿತ್ತು? ಮರದಲ್ಲೇ ಕಾಯಿ ಕಮ್ಮಿ. ಕಾಯಿ ಕಮ್ಮಿ ಆದ್ದಕ್ಕೇ ಅಲ್ಲವಾ ಬೆಲೆ ಏರಿದ್ದು?"

ಊಟಕ್ಕೆ ಮುಂಚೆ ತೋಟಕ್ಕೆ ಹೋದೆವು. ನನ್ನ ಪಾಲಿನಲ್ಲಿ ತಂದೆ ನೆಟ್ಟದ್ದು ಎಪ್ಪತ್ತೆರಡು ಸಸಿ. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಕೆಲವೇ ವರ್ಷಗಳಲ್ಲಿ ಈ ಕಡೆಗೂ ಬಂದು ಕಾಯಿಯ ಗಾತ್ರ ಇಳಿಸಿತು. ಅದರ ಹಿಂದೆ ಕಪ್ಪುತಲೆ ಹುಳು, ಕಾಂಡ ಸೋರುವ ರೋಗ. ಇವೆಲ್ಲಕ್ಕಿಂತ ಮೇಲಾದದ್ದು 2012ರಿಂದ ಮುಂದಿನ ಬರದ ವರ್ಷಗಳು. ಕೊಳವೆಬಾವಿಗಳು ಒಂದರ ಹಿಂದೆ ಒಂದು ಬತ್ತಿದವು; ಸುಳಿ ಒಣಗಿ, ಗರಿ ಜೋತುಬಿದ್ದು, ಮರಗಳು ಕಂಬಗಳಾದವು. ಗೊರೂರಿನ ಹೇಮಾವತಿ ಜಲಾಶಯದ ನೀರು ಬಾಗೂರು–ನವಿಲೆ ಸುರಂಗವನ್ನು ದಾಟಿ ಈ ಜಿಲ್ಲೆಗೆ ಹರಿಯುತ್ತದೆ. ಆ ನೀರು ತಲಪುವ ಕೆರೆಯ ಹಿಂದಿನ ತೋಟ ಉಳಿಯಿತು, ತಲಪದ ಕೆರೆಯ ಹಿಂದಿನದು ಹೋಯಿತು. ನಮ್ಮದರಲ್ಲಿ ಉಳಿದವು ನಲವತ್ತೊಂದು. ಪಕ್ಕದವರು ತೆಂಗು ಕಿತ್ತು ಅಡಿಕೆ ಇಟ್ಟಿದ್ದಾರೆ.

ನಾನು ಎಣಿಸುತ್ತಾ ಹೋದೆ. ನಲವತ್ತೊಂದಾದ ಮೇಲೂ ಎಣಿಕೆ ಮುಗಿಯಲಿಲ್ಲ. ಸತ್ತ ಮರಗಳ ಜಾಗದಲ್ಲೆಲ್ಲ ಮೊಣಕಾಲೆತ್ತರದ, ಸೊಂಟದೆತ್ತರದ ಸಸಿಗಳು; ಪ್ರತಿಯೊಂದರ ಬುಡಕ್ಕೂ ಸೋಗೆಯ ನೆರಳು.

"ಇವನ್ನು ಯಾವಾಗ ಇಟ್ಟೆ?"

"ಎರಡು ವರ್ಷ ಆಯ್ತು. ಲೆಕ್ಕದಲ್ಲಿ ಬರೆದಿಲ್ಲ, ಮರೆತೆ," ಎಂದ. ಅವನು ಮರೆಯುವ ಮನುಷ್ಯನಲ್ಲ. ಎತ್ತರದ ತಳಿ ಫಲಕ್ಕೆ ಬರುವುದಕ್ಕೆ ಆರೇಳು ವರ್ಷ ಬೇಕು. ಇನ್ನೊಬ್ಬರ ಜಮೀನಿನಲ್ಲಿ, ಕೇಳದೆ, ಹೇಳದೆ, ತನ್ನ ದುಡ್ಡಿನಲ್ಲಿ ಮೂವತ್ತೊಂದು ಸಸಿ ನೆಟ್ಟು ಎರಡು ಬೇಸಗೆ ಕೊಡದಲ್ಲಿ ನೀರು ಹೊತ್ತವನಿಗೆ ನಾನು ಚೀಲದ ಕಾಗದವನ್ನು ತೆಗೆದು ತೋರಿಸಬೇಕಾಗಿತ್ತು.

ಹಿತಕಿದ ಅವರೆಕಾಳಿನ ಸಾರು, ಮುದ್ದೆ. ಎರಡನೆಯ ಮುದ್ದೆ ಹಾಕಿಸಿಕೊಂಡೆ. ಮಾತು ಊಟವಾದ ಮೇಲೆ ಎಂದುಕೊಂಡೆ. ಊಟವಾದ ಮೇಲೆ ತಮ್ಮ ಅಟ್ಟಕ್ಕೆ ಕರೆದುಕೊಂಡು ಹೋದ. ಅರೆಬೆಳಕಿನಲ್ಲಿ ಕಾಯಿಗಳ ರಾಶಿ. ನಡುವೆ ಒಂದು ಬಿದಿರಿನ ಅಡ್ಡತಡೆ. "ಈ ಕಡೆಯವು ನಿಮ್ಮವು. ಹನ್ನೊಂದು ತಿಂಗಳಾಯ್ತು. ಯುಗಾದಿ ಹೊತ್ತಿಗೆ ಒಡೆಸೋಣ," ಎಂದ. ನಾನು ಕೊಬ್ಬರಿ ಮಂಡಿಯವರ ಮಗನೆಂಬ ಠೀವಿಯಿಂದ ಒಂದನ್ನೆತ್ತಿ ಅಲ್ಲಾಡಿಸಿ, "ಇದು ಆಗಲೇ ಆಗಿದೆ," ಎಂದೆ. ಅವನು ನಗುತ್ತಾ, "ತಗೊಂಡು ಹೋಗಿ ಹಾಗಾದ್ರೆ," ಎಂದು ಅದರ ಸಿಪ್ಪೆ ಸುಲಿಸಿ ಕೊಟ್ಟ. ಚೀಲದೊಳಗೆ ಕಾಗದದ ಮೇಲೆ ಅದನ್ನಿಟ್ಟುಕೊಂಡೆ.

ಬೀಳ್ಕೊಡುವಾಗ ಅವನು, "ಏನೋ ಹೇಳಬೇಕು ಅಂತ ಬಂದಂಗಿತ್ತಲ್ಲ ಅಣ್ಣಯ್ಯ?" ಎಂದ.

"ಯುಗಾದಿಗೆ ಬರುತ್ತೇನೆ," ಎಂದೆ.

ತುರುವೇಕೆರೆಯಲ್ಲಿ ಹೊಯ್ಸಳರ ಕಾಲದ ದೇವಾಲಯಗಳಿವೆ: ಚೆನ್ನಿಗರಾಯ, ಮೂಲೆ ಶಂಕರೇಶ್ವರ. ಗಂಗಾಧರೇಶ್ವರನ ಎದುರಿನ ಕರಿಯ ಕಲ್ಲಿನ ನಂದಿಯ ನುಣುಪು ಎಂಥದೆಂದರೆ ಮುಟ್ಟಿದ ಕೈಗೆ ಅದು ಕಲ್ಲೆಂದು ಅನ್ನಿಸುವುದಿಲ್ಲ. ಬೇರೆ ದಿನವಾಗಿದ್ದರೆ ಇವನ್ನು ಕುರಿತೇ ಎರಡು ಪುಟ ಬರೆಯುತ್ತಿದ್ದೆ. ಅಂದು ನಾನು ನಂದಿಯ ಪಕ್ಕದ ನೆರಳಿನಲ್ಲಿ ಕಾಲು ಚಾಚಿ ಕೂತು ಸಾಲದ ಕಂತುಗಳ ಲೆಕ್ಕ ಹಾಕುತ್ತಿದ್ದೆ. ಅರಳುಗುಪ್ಪೆಯ ಕಲ್ಲೇಶ್ವರ ದೇವಾಲಯವನ್ನೂ ನೋಡಬೇಕೆಂದಿತ್ತು. ಅದರ ಮಾಳಿಗೆಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುತ್ತಿರುವ ಶಿವನು 9ನೆಯ ಶತಮಾನದ ಶಿಲ್ಪ. ಆದರೆ ಹೊತ್ತಾಗಿತ್ತು, ಮೊಣಕಾಲು ಕೇಳಲಿಲ್ಲ. ಹೋಗುವವರು ಬಿಡಬಾರದು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಟ್ಟೆ ಇಡ್ಲಿ ತಿಂದು, ಹೆದ್ದಾರಿಯ ಲಾರಿಗಳ ನಡುವೆ ಜೀವ ಹಿಡಿದುಕೊಂಡು ದಾಟಿ, ಚಿಕ್ಕನಾಯಕನಹಳ್ಳಿಯ ರಸ್ತೆ ಹಿಡಿದೆ. ಚೀಲದ ಕಾಯಿ ಪ್ರತಿ ಗುಂಡಿಗೂ ಗುಳಕ್ ಎನ್ನುತ್ತಿತ್ತು.

ಉತ್ತರಕ್ಕೆ ಹೋದಂತೆ ನೆಲದ ಬಣ್ಣ ಬದಲಾಗುತ್ತದೆ. ದಿಗಂತದಲ್ಲಿ ಬೆಟ್ಟಗಳ ಸಾಲು ಏಳುತ್ತದೆ. ಆ ಬೆಟ್ಟಗಳೊಳಗೆ ಕಬ್ಬಿಣ, ಮ್ಯಾಂಗನೀಸ್ ಅದಿರು. ಅದನ್ನು ಅಗೆದು ಸಾಗಿಸಿದ ಕಾಲದಲ್ಲಿ ಕೆಂಪು ಧೂಳು ತೆಂಗಿನ ಗರಿಗಳ ಮೇಲೆಲ್ಲ ಕೂತಿತ್ತೆಂದು ದಾರಿಯ ಎಳನೀರಿನವನು ಹೇಳಿದ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ನಿಂತವು. "ಧೂಳು ಹೋಯ್ತು, ಲಾರಿ ಓಡಿಸ್ತಿದ್ದ ನನ್ನ ಕೆಲಸಾನೂ ಹೋಯ್ತು," ಎಂದು ಅವನು ಮಚ್ಚನ್ನು ಬೀಸಿ ಇನ್ನೊಂದು ಎಳನೀರು ಕೆತ್ತಿದ. ಅವನ ದನಿಯಲ್ಲಿ ದೂರೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

ಹಾಗಲವಾಡಿಯ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರು ಹೊತ್ತ ಊರು ಚಿಕ್ಕನಾಯಕನಹಳ್ಳಿ. 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ ತೀರ್ಥಪುರ ಇದೇ ತಾಲ್ಲೂಕಿನದು. ಊರು ಸೇರಿದಾಗ ಐದು ಗಂಟೆ ದಾಟಿತ್ತು. ಕಾಫಿ ಕುಡಿದು ತಿಪಟೂರಿನ ರಸ್ತೆಗೆ ತಿರುಗಿ ಹತ್ತು ಕಿಲೋಮೀಟರು ಬಂದಿರಬಹುದು, ಏರಿನಲ್ಲಿ ಹೊಸ ಚೈನು ಟಣ್ಣೆಂದು ಕಡಿಯಿತು. ಹೊಸದರ ಹಣೆಬರಹವೇ ಅಷ್ಟು. ಹಳೆಯ ಸೈಕಲ್ಲು ತನ್ನ ಪಾಡಿಗೆ ಗಟ್ಟಿಯಾಗಿ ನಿಂತಿತ್ತು.

ಕತ್ತಲಾಗುತ್ತಿತ್ತು. ಎರಡು ಕಡೆಯೂ ತೋಟ. ಮೇಲೆ ಗರಿಗಳ ಸದ್ದು, ದೂರದಲ್ಲಿ ಮಳೆ ಬಂದಂತೆ. ಅರ್ಧ ಗಂಟೆ ತಳ್ಳಿದ ಮೇಲೆ ಕಾಯಿ ಹೇರಿದ ಒಂದು ಲಗೇಜ್ ಆಟೋ ನಿಂತಿತು. ಸೈಕಲ್ಲನ್ನು ಕಾಯಿಗಳ ಮೇಲೆ ಮಲಗಿಸಿ, ನಾನು ಡ್ರೈವರನ ಪಕ್ಕದಲ್ಲಿ ಕೂತೆ. ಈ ಕೊನೆಯ ಹದಿನೈದು ಕಿಲೋಮೀಟರಿನ ವಿಷಯವನ್ನು ಮಗನಿಗೆ ಹೇಳಿಲ್ಲ. ವಾಚಕರೂ ಹೇಳಬಾರದು.

ಅತ್ತೆ ಕಾದಿದ್ದರು. ಬಿಸಿನೀರು ತೋಡಿ ಕೊಟ್ಟು, ಬಡಿಸುತ್ತಾ, "ಕಾಗದ ತೋರಿಸಿದೆಯಾ?" ಎಂದು ಕೇಳಿದರು. ನಾನು ಅವರಿಗೆ ಆ ವಿಷಯ ಹೇಳಿರಲೇ ಇಲ್ಲ.

ಉತ್ತರ ತೋಚದೆ ಚೀಲದಿಂದ ಕಾಯನ್ನು ತೆಗೆದು ಮುಂದಿಟ್ಟೆ. "ನನ್ನ ಪಾಲಿನದು. ಆಗಿದೆ, ಒಡೆಯೋಣ," ಎಂದೆ.

ಅವರು ಅದನ್ನು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಂದು ಸಲ ಅಲ್ಲಾಡಿಸಿದರು. ತಿರುಗಿಸಿ ಇನ್ನೊಂದು ಸಲ ಅಲ್ಲಾಡಿಸಿದರು.

"ಎಲ್ಲಿ ಆಗಿದೆಯೋ? ಒಂದು ಮಗ್ಗುಲು ಇನ್ನೂ ಬಿಟ್ಟುಕೊಂಡಿಲ್ಲ," ಎಂದು ಅದನ್ನು ನನ್ನ ಕೈಗಿತ್ತರು. "ಅಟ್ಟದ ಮೇಲಿಡು. ಏಣಿ ಹಿತ್ತಿಲಲ್ಲಿದೆ."